ಕೂಡಿಸುವ ರಾತ್ರಿ

ತಿಂಗಳ ಕೊನೆಯ ಶುಕ್ರವಾರಕ್ಕೆ ನಾವಿಟ್ಟ ಹೆಸರು
ಕೂಡಿಸುವ ರಾತ್ರಿ.
ವಿಜಯಪುರದ ಸ್ಟೇಷನ್ ರಸ್ತೆ,
ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮೇಲಿನ ಮಹಡಿ,
ಐದು ಮಂದಿ, ಐದು ಲ್ಯಾಪ್‌ಟಾಪು, ಒಂದು ಕೆಟ್ಟ ಕೂಲರು.
ತಿಕೋಟಾದ ಶೀತಲಗೃಹದ ಲೆಕ್ಕವೆಲ್ಲ ನಮ್ಮದೇ:
ಯಾರ ಒಣದ್ರಾಕ್ಷಿ, ಎಷ್ಟು ಬಾಕ್ಸು, ಯಾವ ಕೋಣೆ,
ಎಷ್ಟು ದಿನದ ಬಾಡಿಗೆ.

ತಿಂಗಳಿಡೀ ಅವರವರ ಕೋಡು ಅವರವರ ಹತ್ತಿರ,
ಬೀಗರ ಊರಿಗೆ ಒಯ್ಯುವ ಬುತ್ತಿಯ ಹಾಗೆ ಗಂಟು ಕಟ್ಟಿ.
ಆ ರಾತ್ರಿ ಬಿಚ್ಚಿದರೆ
ಸಂಗನಬಸುವಿನ ಬಾಡಿಗೆಗೆ ಗೊತ್ತೇ ಇರಲಿಲ್ಲ,
ನಸ್ರೀನಳ ಕೋಣೆಗಳಿಗೆ ಈಗ ನಂಬರಿಲ್ಲ, ಹೆಸರಿದೆ ಎಂದು.
ನಾನು ತೂಕದಲ್ಲಿ ದಶಮಾಂಶದ ಚುಕ್ಕೆ ಸರಿಸಿದ್ದೆ,
ಯಾರಿಗೂ ಹೇಳಿರಲಿಲ್ಲ.
ನಸುಕಿನ ನಾಲ್ಕಕ್ಕೆ ನಲವತ್ತು ಕ್ವಿಂಟಲ್ ಮಣೂಕ
ನಾಲ್ಕು ನೂರಾಗಿ ಹೊರಗೆ ಬಂತು.
"ತೊಯ್ದು ಉಬ್ಬೇತಿ" ಅಂದ ಸಂಗನಬಸು.
ಯಾರೂ ನಗಲಿಲ್ಲ.

ಆಮೇಲೆ ಬಿಳಿ ಹಲಗೆ, ಮೂರು ದಿನದ ಜಗಳ.
ಗುರಪಾದ ಪುಣೆಯಲ್ಲೊಂದು ಸಮ್ಮೇಳನ ಕೇಳಿ ಬಂದವ,
ಹದಿನಾಲ್ಕು ಪೆಟ್ಟಿಗೆ ಬರೆದ, ಪೆಟ್ಟಿಗೆಗೊಂದು ಸರ್ವರು,
ನಡುವೆಲ್ಲ ಬಾಣವೋ ಬಾಣ.
"ಕುರುಕ್ಷೇತ್ರ ಆತಲ್ಲೋ," ಅಂದೆ,
"ಐದ ಮಂದಿ ಹದಿನಾಕ ಮನಿ ಹೆಂಗ ಕಸ ಹೊಡಿಯೂದು?"
ನನ್ನ ಆಸೆಯೂ ಕೆಟ್ಟದ್ದೇ:
ಇದ್ದದ್ದು ಇದ್ದ ಹಾಗೆ, ಒಂದೇ ದೊಡ್ಡ ಪಡಸಾಲೆ,
ಯಾರು ಬೇಕಾದರೂ ಯಾವ ಗಡಿಗೆಗೂ ಕೈ ಹಾಕುವುದು.

ನಸ್ರೀನ್ ಎದ್ದು ಕಿಟಕಿಯ ಹತ್ತಿರ ಹೋದಳು.
ಅಲ್ಲಿಂದ ಗಂಜ್ ಕಾಣುತ್ತದೆ.
ಹೊರಗಿನವರು ಗಂಜ್ ಎಂದರೆ ಮಾರುಕಟ್ಟೆ ಅಂದುಕೊಳ್ಳುತ್ತಾರೆ;
ಇದು ನೀರಿನ ಗೋಪುರ, ಬಾದಶಾಹಿ ಕಾಲದ್ದು,
ಗಾರೆ ಉದುರಿ, ಸೊಂಟಕ್ಕೆ ಮೊಬೈಲ್ ಅಂಗಡಿಯ ಬ್ಯಾನರು ಸುತ್ತಿಕೊಂಡು ನಿಂತದ್ದು.
"ನಮ್ಮ ಅಬ್ಬಾ ಊರ ನಳದ ವಾಲ್ವ್ ತಿರುವತಿದ್ರು, ಹೇಳತಿದ್ರು:
ಬರೇ ಒಂದ ಕೊಳವಿ ಅಂದ್ರ ಒಡದ ಹೋಗತಿತ್ತು.
ಅದಕ್ಕ ನಡುನಡುವ ಇವನ್ನ ಕಟ್ಯಾರ.
ನೀರು ಮ್ಯಾಲ ಏರಿ ದಮ್ಮ ಬಿಟ್ಟು ಮುಂದ ಹೋಗೂದು,
ರಾಡಿ ಇಲ್ಲೇ ತಳಕ್ಕ ಕೂಡೂದು.
ಎಲ್ಲೆರೆ ಸೋರಿದ್ರ ಎರಡ ಗಂಜಿನ ನಡುವ ಹುಡುಕಿದ್ರ ಮುಗೀತು,
ಊರೆಲ್ಲಾ ಅಗೀಬೇಕಿಲ್ಲ."
"ಈಗ ಅದರಾಗ ನೀರೆಲ್ಲೈತಿ?" ಗುರಪಾದ.
"ನೀರ ಬತ್ತಿದ್ದು ಬ್ಯಾರೆ ಮಾತು. ಗಂಜ್ ಬಿದ್ದಿಲ್ಲ ನೋಡು."

ಕೊನೆಗೆ ಒಂದೇ ಮನೆ, ಒಳಗೆ ಕೋಣೆ ನಾಲ್ಕು:
ತೂಕ, ದಾಸ್ತಾನು, ಬಾಡಿಗೆ, ಪಾವತಿ.
ಬಾಗಿಲಲ್ಲಿ ನಿಂತು ಕೇಳಿ ಇಸಿದುಕೊಳ್ಳಬೇಕು,
ಇನ್ನೊಬ್ಬರ ಅಟ್ಟ ಹತ್ತುವಂತಿಲ್ಲ.
ಪ್ರತಿ ಬಾಗಿಲಿಗೂ ಒಂದೊಂದು ಪರೀಕ್ಷೆ.
ಮುಗಿಯದ ಕೆಲಸವನ್ನೂ ಸಂಜೆಯೊಳಗೆ ತಂದು ಸೇರಿಸು,
ದೀಪ ಮಾತ್ರ ಆರಿಸಿಡು.
ಹಲಗೆಯ ಮೇಲೆ ಉಳಿದದ್ದು ಒಂದೇ ಸಾಲು, ನಸ್ರೀನಳ ಕೈಬರಹ:
ಕೆಳಗೆ ಹೋಗಿ ಒಂದು ಕಟ್ ಚಹಾ ಕುಡಿದು ಬರುವಷ್ಟರಲ್ಲಿ
ಎಲ್ಲ ಪರೀಕ್ಷೆ ಮುಗಿಯಬೇಕು;
ಮುಗಿಯದಿದ್ದರೆ ಗೋಡೆ ತಪ್ಪು ಜಾಗದಲ್ಲಿದೆ.

ಬರೆದಷ್ಟು ಸುಲಭ ಇರಲಿಲ್ಲ.
ಬಾಡಿಗೆ, ದಾಸ್ತಾನು ಒಂದೇ ತಾಟಿನಲ್ಲಿ ಉಂಡು ಬೆಳೆದವು,
ಬಿಡಿಸಲು ಶ್ರಾವಣದಿಂದ ದಸರೆಯವರೆಗೆ ಹಿಡಿಯಿತು.
ಎರಡು ಸಲ ಗೋಡೆ ಕೆಡವಿದೆವು.
ಗುರಪಾದ ಎಂಟು ದಿನ ಮಾತು ಬಿಟ್ಟಿದ್ದ.
ಪಾವತಿ ಈಗಲೂ ಎಲ್ಲೋ ಸೋರುತ್ತದೆ.

ಇವತ್ತು ಹನ್ನೊಂದಕ್ಕೆ ಏಳು ಸಾಲು ಸೇರಿಸಿ ಕೆಳಗಿಳಿದೆ.
ಚಹಾದ ಗ್ಲಾಸು ಅರ್ಧಕ್ಕೆ ಬಂದಿತ್ತು, ಫೋನು ನಡುಗಿತು: ಕೆಂಪು.
ತೂಕದ ಬಾಗಿಲಲ್ಲೇ ನನ್ನ ಚುಕ್ಕೆಯನ್ನು ಹಿಡಿದು ನಿಲ್ಲಿಸಿದ್ದರು.
ಏಳು ಸಾಲಿನಲ್ಲಿ ತಪ್ಪು ಹುಡುಕಲು ಎಷ್ಟು ಹೊತ್ತು ಬೇಕು?
ಉಳಿದರ್ಧ ಆರುವ ಮೊದಲೇ ಗೊತ್ತಾಗಿತ್ತು.
ಮೇಲೆ ಬಂದರೆ ಸಂಗನಬಸು ತಲೆ ಎತ್ತದೆ,
"ಉಬ್ಬಿತ್ತೇನು?" ಅಂದ.

ತಿಂಗಳ ಕೊನೆಯ ಶುಕ್ರವಾರ ಇವತ್ತು ಅಂತ
ಶಟರು ಎಳೆಯುವಾಗ ನೆನಪಾಯಿತು.
ಗಂಜಿನ ಬಿರುಕುಗಳಿಗೆ ಪಾರಿವಾಳ ಮರಳುತ್ತಿದ್ದವು, ಒಂದೊಂದೇ.
ಕೂಲರು ಇನ್ನೂ ಕೆಟ್ಟೇ ಇದೆ.